ಬಾಣಂತನಕ್ಕೆ ಜರ್ಮನಿಗೆ ಹೊರಟ ಅಮ್ಮಂಗೆ ಇ-ರೀಡರ್, ಚಾರ್ಜ್ ಜಾಸ್ತಿ ದಿನ ಬರೋದು ಯಾವ್ದು?

ತುಂಗೆದಡ (ತೀರ್ಥಹಳ್ಳಿ)

ಎಲ್ರಿಗೂ ನಮಸ್ಕಾರ. ತಂಗಿ ಮ್ಯೂನಿಕ್‌ನಲ್ಲಿ ಇದಾಳೆ, ನವೆಂಬರಲ್ಲಿ ಡೆಲಿವರಿ, ಅಮ್ಮ ಅಕ್ಟೋಬರ್ ಕೊನೆಗೆ ಬಾಣಂತನಕ್ಕೆ ಹೊರಟಿದಾರೆ. ಷೆಂಗನ್ ವೀಸಾ, 90 ದಿನ ಪೂರ್ತಿ ಇದ್ದು ಬರೋದು. ಅಮ್ಮ ರಿಟೈರ್ಡ್ ಕನ್ನಡ ಟೀಚರ್ರು, ದಿನಕ್ಕೆ ನಾಕು ಗಂಟೆ ಓದ್ಲಿಲ್ಲ ಅಂದ್ರೆ ಅವರಿಗೆ ಉಂಡಂಗೇ ಆಗಲ್ಲ. ಸೂಟ್‌ಕೇಸಿಗೆ ಈಗಾಗ್ಲೇ ಅಂಟಿನುಂಡೆ ಸಾಮಾನು, ಮೆಂತೆ, ಕೊಬ್ಬರಿ, ಅಳಲೆಕಾಯಿ, ಅಪ್ಪೆಮಿಡಿ ಅಂತ ತುಂಬಿಟ್ಟಿದಾರೆ, ಪುಸ್ತಕಕ್ಕೆ ಜಾಗನೇ ಇಲ್ಲ, ನಾನು "ಎರಡು ಪುಸ್ತಕ ಸಾಕು" ಅಂದಿದ್ದಕ್ಕೆ "ಮಗು ಮಲಗಿದಾಗ ನಾ ಎಂತ ಗೋಡೆ ನೋಡ್ಕಂಡು ಕೂರ್ಲಾ" ಅಂತ ಬೈಸ್ಕೊಂಡೆ.

ಅದಕ್ಕೆ ಇ-ರೀಡರ್ (ಪುಸ್ತಕ ಓದೋಕೇ ಅಂತ ಇರೋ ಸಣ್ಣ ಯಂತ್ರ) ಕೊಡ್ಸೋಣ ಅಂತ. ನಂಗೆ ಮುಖ್ಯವಾಗಿ ಬೇಕಿರೋದು ಬ್ಯಾಟ್ರಿ. ಯಾಕಂದ್ರೆ ಹಿಂದೊಂದ್ಸಲ ಇವರು ಒಬ್ರೇ ಹೋದಾಗ ಫೋನಲ್ಲೇ ಪಿಡಿಎಫ್ ಓದ್ಕಂಡು ಕೂತು, ಮಧ್ಯದ ಏರ್‌ಪೋರ್ಟಲ್ಲಿ ಫೋನ್ ಸತ್ತುಹೋಗಿ, ತಂಗಿ ನಂಬರು ಅಡ್ರೆಸ್ಸು ಎಲ್ಲಾ ಅದ್ರೊಳಗೇ ಇದ್ದು, ಪಕ್ಕದಲ್ಲಿ ಕೂತ ಒಬ್ರು ಕೇರಳದ ನರ್ಸು ಚಾರ್ಜರ್ ಕೊಡೋ ತನಕ ನಾವಿಲ್ಲಿ ಮೂರು ಗಂಟೆ ಉಸಿರು ಹಿಡ್ಕೊಂಡು ಕೂತಿದ್ವಿ. ಈ ಸಲನೂ ದುಬೈ ಮೇಲೆ ಹೋಗೋದು, ಇಲ್ಲಿಂದ ರಾತ್ರಿ ಬಸ್ಸು ಹತ್ತಿದ್ರೆ ಅವಳ ಮನೆ ಬಾಗ್ಲಿಗೆ ಮುಟ್ಟೋಕೆ ಒಂದು ದಿನದ ಮೇಲೇ ಆಗ್ತದೆ.

ವಾಪಸ್ ಬಂದ ಮೇಲೂ ಉಪಯೋಗಕ್ಕೆ ಬರಬೇಕು. ನಮ್ಮನೆ ಊರಿಂದ ಒಳಗಿದೆ, ಆಷಾಢದಲ್ಲಿ ಒಂದು ಮರ ಲೈನ್ ಮೇಲೆ ಬಿತ್ತು ಅಂದ್ರೆ ಮೂರು ದಿನ ಕರೆಂಟಿಲ್ಲ, ನಿಮಗೆಲ್ಲ ಗೊತ್ತಿರೋದೇ.

ಕಣ್ಣು ಪೊರೆ ಆಪರೇಷನ್ ಆಗಿದೆ, ಅಕ್ಷರ ದೊಡ್ಡದು ಬೇಕು. ಇಂಗ್ಲಿಷ್ ಓದಲ್ಲ ಅಂತಲ್ಲ, ಆದ್ರೆ ಓದೋದು ಕನ್ನಡನೇ. ಬಜೆಟ್ ಹದಿನೈದು, ತೀರಾ ಅಂದ್ರೆ ಹದಿನೆಂಟು ಸಾವಿರ. ಯಾರಾದ್ರೂ ಬಳಸಿದವರು ಹೇಳಿ.

---

ಕೊಡಚಾದ್ರಿ_ಬೈಕು (ಹೊಸನಗರ)

ನಾನು ಎಂಟು ವರ್ಷದಿಂದ ಕಿಂಡಲ್ (ಅಮೆಜಾನಿನ ಇ-ರೀಡರ್) ಬಳಸ್ತಾ ಇದೀನಿ, ಎರಡನೇದು ಈಗಿರೋದು. ಬ್ಯಾಟ್ರಿ ಬಗ್ಗೆ ಮಾತ್ರ ಹೇಳ್ತೀನಿ, ಬೇರೆದು ಬೇರೆಯವರು ಹೇಳ್ಲಿ.

ಮೊದ್ಲು ಒಂದು ವಿಷಯ. ಡಬ್ಬಿ ಮೇಲೆ "12 ವಾರ" ಅಂತ ಬರ್ದಿರೋದನ್ನ ಹಂಗೇ ನಂಬ್ಕೋಬೇಡಿ. ಕೆಳಗೆ ಸಣ್ಣಕ್ಷರದಲ್ಲಿ ಇರ್ತದೆ, ದಿನಕ್ಕೆ ಅರ್ಧ ಗಂಟೆ ಓದಿದ್ರೆ, ವೈಫೈ ಆಫ್ ಇದ್ರೆ, ಲೈಟು 13ರಲ್ಲಿ ಇಟ್ರೆ ಅಂತ (ಲೈಟು 24ರ ತನಕ ಹೋಗ್ತದೆ, ಅಂದ್ರೆ ಅರ್ಧಕ್ಕೆ ಇಟ್ಟಂಗೆ). 2024ರ ಪೇಪರ್‌ವೈಟಿಗೆ (ಏಳಿಂಚಿನ ಕಿಂಡಲ್ಲು) 12 ವಾರ ಅಂತಾರೆ, ಅಂದ್ರೆ 84 ದಿನ, ದಿನಕ್ಕೆ ಅರ್ಧ ಗಂಟೆ, ಒಟ್ಟು 42 ಗಂಟೆ ಓದು. 2021ರ ಪೇಪರ್‌ವೈಟಿಗೆ 10 ವಾರ, 35 ಗಂಟೆ. ಸಾದಾ ಕಿಂಡಲ್ಲಿಗೆ 6 ವಾರ, 21 ಗಂಟೆ. ಈಗ ನಿಮ್ಮ ಅಮ್ಮನ ನಾಕು ಗಂಟೆ ಲೆಕ್ಕ ಹಾಕಿ: ದೊಡ್ಡದ್ರಲ್ಲಿ ಹತ್ತು ದಿನ, ಚಿಕ್ಕದ್ರಲ್ಲಿ ಐದು ದಿನ. ಮೂರು ತಿಂಗಳು ಚಾರ್ಜೇ ಬೇಡ ಅಂತ ಯಾರಾದ್ರೂ ಹೇಳಿದ್ರೆ ಅವರು ಪುಸ್ತಕ ಓದೋರಲ್ಲ, ತಲೆದಿಂಬು ಮಾಡ್ಕಳೋರು.

ಆದ್ರೆ ಹತ್ತು ದಿನ ಅಂದ್ರೆ ಸಾಕಲ್ಲ ಮಾರಾಯ್ರೆ. ಪ್ರಯಾಣ ಒಂದೂವರೆ ದಿನ, ಕರೆಂಟು ಹೋಗೋದು ಮೂರು ದಿನ. ಯಾವ ಇ-ರೀಡರ್ ತಗಂಡ್ರೂ ಅಷ್ಟಕ್ಕೆ ಬರ್ತದೆ.

ಹೆಂಗೆ ಬರ್ತದೆ ಅಂದ್ರೆ, ಈ ಇ-ಇಂಕ್ ಪರದೆ ಒಳಗೆ ಕರಿ ಬಿಳಿ ಪುಡಿ ಇರೋ ಸಣ್ಣ ಸಣ್ಣ ಗುಳ್ಳೆ ಇರ್ತವೆ, ಪುಟ ತಿರುಗಿಸಿದಾಗ ಮಾತ್ರ ಕರೆಂಟು ಕೊಟ್ಟು ಪುಡಿನ ಮೇಲೆ ಕೆಳಗೆ ಮಾಡ್ತದೆ, ಆಮೇಲೆ ಅದು ಹಂಗೇ ನಿಂತಿರ್ತದೆ, ನಿಂತಿರೋಕೆ ಕರೆಂಟು ಬೇಡ. ಬ್ಯಾಟ್ರಿ ಸತ್ತ ಮೇಲೂ ಪರದೆ ಮೇಲೆ ಚಿತ್ರ ಹಂಗೇ ಇರೋದು ಅದಕ್ಕೇ. ಹಾಗಾಗಿ ಜಾಸ್ತಿ ತಿನ್ನೋದು ಮೂರೇ: ಲೈಟು, ವೈಫೈ, ಮತ್ತೆ ಹೊಸ ಪುಸ್ತಕ ತುಂಬಿದಾಗಿನ ಇಂಡೆಕ್ಸಿಂಗು.

ಈ ಮೂರನೇದನ್ನ ಯಾರೂ ಹೇಳಲ್ಲ. ಒಂದೇ ಸಲ ನೂರು ಪುಸ್ತಕ ತುರುಕಿದ್ರೆ ಅದು ಹಿಂದೆ ಕೂತು ಪ್ರತಿ ಪುಸ್ತಕದ ಪದ ಪದನೂ ಪಟ್ಟಿ ಮಾಡ್ತಾ ಇರ್ತದೆ, ಹುಡುಕೋಕೆ ಸಿಗ್ಲಿ ಅಂತ. ಆಗ ಚಾರ್ಜು ನೋಡ್ತಾ ನೋಡ್ತಾ ಇಳೀತದೆ. ನಂದೊಂದ್ಸಲ ಒಂದು ಹಾಳಾದ ಫೈಲು ಸಿಕ್ಕಾಕ್ಕೊಂಡು ಅದನ್ನೇ ತಿರುಗಾ ಮುರುಗಾ ಮಾಡ್ತಾ ಎರಡು ದಿನಕ್ಕೆ ಪೂರ್ತಿ ಖಾಲಿ, ನಾನು ಬ್ಯಾಟ್ರಿನೇ ಹೋಯ್ತು ಅಂದ್ಕೊಂಡಿದ್ದೆ, ಆ ಫೈಲ್ ತೆಗೆದ ಮೇಲೆ ಸರಿಹೋಯ್ತು. ಹಾಗಾಗಿ ಹೊರಡೋ ಹಿಂದಿನ ರಾತ್ರಿ ಪುಸ್ತಕ ತುಂಬ್ಬೇಡಿ. ಒಂದು ವಾರ ಮುಂಚೆ ತುಂಬಿ, ಚಾರ್ಜಿಗೆ ಹಾಕಿಟ್ಟು, ಎರಡು ದಿನ ಬಿಟ್ಟು ನೋಡಿ.

ಮತ್ತೆ ಅಲ್ಲಿ ಡಿಸೆಂಬರಲ್ಲಿ ಸಂಜೆ ನಾಕೂವರೆಗೆಲ್ಲ ಕತ್ಲೆ. ಲೈಟು ಹಾಕ್ಕೊಂಡೇ ಓದಬೇಕಾಗ್ತದೆ, ಹತ್ತು ದಿನ ಅನ್ನೋದನ್ನ ಏಳು ಅಂತ ಇಟ್ಕಳಿ.

---

ಅಡಿಕೆಚೂರು (ಕೊಪ್ಪ)

ಅಮ್ಮಂಗೊಂದು ಟ್ಯಾಬ್ ಕೊಡ್ಸಿ ಸುಮ್ನಿರಿ ಸರ್. ಓದೋಕೂ ಆಯ್ತು, ಮಗು ಮುಖ ನೋಡ್ಕಂಡು ವಿಡಿಯೋ ಕಾಲ್ ಮಾಡೋಕೂ ಆಯ್ತು. ಇಷ್ಟು ದುಡ್ಡು ಕೊಟ್ಟು ಬರೀ ಕಪ್ಪು ಬಿಳುಪು ಯಾಕೆ.

---

ಕೊಡಚಾದ್ರಿ_ಬೈಕು (ಹೊಸನಗರ)

@ಅಡಿಕೆಚೂರು ಪೊರೆ ತೆಗೆಸಿದ ಕಣ್ಣಿಗೆ ದಿನಕ್ಕೆ ನಾಕು ಗಂಟೆ ಟ್ಯಾಬಾ. ನೀವೇ ಒಂದು ವಾರ ಓದಿ ನೋಡಿ ಆಮೇಲೆ ಹೇಳಿ.

---

ಶರಾವತಿ_ಹಿನ್ನೀರು (ಹುಟ್ಟಿದ್ದು ಸಾಗರದ ಹತ್ರ, ಈಗ ನೆದರ್‌ಲ್ಯಾಂಡ್ಸ್)

ಬ್ಯಾಟ್ರಿ ಲೆಕ್ಕ ಮೇಲಿನವರು ಚೆನ್ನಾಗಿ ಹೇಳಿದಾರೆ, ಆದ್ರೆ ನೀವು ಕೇಳಬೇಕಾಗಿದ್ದ ಪ್ರಶ್ನೆ ಅದಲ್ಲ ಅಣ್ಣ. ಕನ್ನಡ ಪುಸ್ತಕ ಎಲ್ಲಿಂದ ತರ್ತೀರಿ?

ನಾನು ನಮ್ಮತ್ತೆಗೆ ಇದೇ ತಪ್ಪು ಮಾಡಿದ್ದೆ. ಕಿಂಡಲ್ ತಂದು ಕೈಗಿಟ್ಟೆ, ಅವರು ಖುಷಿಯಿಂದ ಕನ್ನಡಕ ಏರಿಸ್ಕೊಂಡು ಕೂತ್ರು, ಅಂಗಡಿ ತೆಗೆದ್ರೆ ಕನ್ನಡದ್ದು ಹುಡುಕಿದ್ರೂ ಇಲ್ಲ. 2016ರಲ್ಲೇ ಹಿಂದಿ ತಮಿಳು ಮಲಯಾಳಂ ಮರಾಠಿ ಗುಜರಾತಿ ಪುಸ್ತಕಕ್ಕೆ ಕಿಂಡಲಲ್ಲಿ ಜಾಗ ಸಿಕ್ತು, ಆ ಪಟ್ಟಿಲಿ ನಮ್ದು ಇರ್ಲಿಲ್ಲ. ಕೊನೆಗೆ ಅತ್ತೆ ಅದನ್ನ ನಂಗೇ ವಾಪಸ್ ಕೊಟ್ಟು, ಊರಿಂದ ಬರುವಾಗ ತಂದಿದ್ದ ಹಳೇ ದೀಪಾವಳಿ ವಿಶೇಷಾಂಕನೇ ಮೂರ್ಸಲ ಓದಿದ್ರು.

ಈಗ ಕನ್ನಡದ ಹೊಸ ಪುಸ್ತಕ ದುಡ್ಡು ಕೊಟ್ಟು ಓದ್ಬೇಕು ಅಂದ್ರೆ ಮೈಲ್ಯಾಂಗ್ ತರದ ಆಪ್‌ಗಳಿದಾವೆ. ಆದ್ರೆ ಅವು ಆಪ್‌ನೊಳಗೇ ಓದೋದು, ಆ ಪುಸ್ತಕನ ತೆಗೆದು ಕಿಂಡಲಿಗೆ ಹಾಕೋಕೆ ಬರಲ್ಲ. ಆಪ್ ಹಾಕೋ ಇ-ರೀಡರ್ ಬೇಕು ಅಂದ್ರೆ ಬೂಕ್ಸ್ ತರದ್ದು ತಗೋಬೇಕು, ಅದ್ರೊಳಗೆ ಆಂಡ್ರಾಯ್ಡ್ ಇದೆ, ಪ್ಲೇ ಸ್ಟೋರ್ ಬರ್ತದೆ, ಪರದೆ ಅದೇ ಇ-ಇಂಕು. ಆದ್ರೆ ಆಂಡ್ರಾಯ್ಡ್ ಅಂದ್ರೆ ಹಿಂದೆ ನೂರೆಂಟು ಕೆಲಸ ನಡೀತಾನೇ ಇರ್ತದೆ, ಬ್ಯಾಟ್ರಿ ಕಿಂಡಲಿನಷ್ಟು ಬರಲ್ಲ. ನನ್ನ ಗೆಳತಿದು ಇದೆ, ಚೆನ್ನಾಗಿ ಓದಿದ್ರೆ ಮೂರು ನಾಕು ದಿನಕ್ಕೆ ಚಾರ್ಜಿಗೆ ಹಾಕ್ತಾಳೆ.

ಅಂದ್ರೆ ನೋಡಿ, ಬ್ಯಾಟ್ರಿ ಬರೋದ್ರಲ್ಲಿ ಕನ್ನಡ ಇಲ್ಲ, ಕನ್ನಡ ಇರೋದ್ರಲ್ಲಿ ಬ್ಯಾಟ್ರಿ ಇಲ್ಲ. ನಮ್ಮ ಹಣೆಬರಹ.

ನಾನೀಗ ಬಳಸೋದು ಕೋಬೋ ಅಂತ ಇನ್ನೊಂದು ಕಂಪನಿ ಇ-ರೀಡರ್. ಅದಕ್ಕೆ ಕೋರೀಡರ್ ಅಂತ ಒಂದು ಪುಕ್ಕಟೆ ಸಾಫ್ಟ್‌ವೇರ್ ಹಾಕ್ಕೋಬಹುದು, ಫಾಂಟ್ ಫೋಲ್ಡರಿಗೆ ನೋಟೋ ಸೆರಿಫ್ ಕನ್ನಡ ಹಾಕಿದ್ರೆ ಇಪಬ್ (ಇ-ಪುಸ್ತಕದ) ಫೈಲಲ್ಲಿರೋ ಕನ್ನಡ ಒತ್ತು ದೀರ್ಘ ಎಲ್ಲಾ ಸರಿಯಾಗಿ ಕೂರ್ತದೆ, ಅಕ್ಷರ ಬೇಕಾದಷ್ಟು ದಪ್ಪ ಮಾಡ್ಕೋಬಹುದು. ಕಿಂಡಲಿಗೂ ಕೋರೀಡರ್ ಬರ್ತದೆ ಆದ್ರೆ ಅದಕ್ಕೆ ಜೈಲ್‌ಬ್ರೇಕ್ (ಕಂಪನಿ ಹಾಕಿದ ಬೀಗ ಮುರಿಯೋದು) ಮಾಡ್ಬೇಕು, ಅಮ್ಮಂಗೆ ಕೊಡೋ ಸಾಮಾನಿಗೆ ಆ ಸರ್ಕಸ್ ಬೇಡ.

ನಿಮ್ಮ ತಂಗಿ ಮ್ಯೂನಿಕ್‌ನಲ್ಲಿ ಇದಾರೆ ಅಂದ್ರಲ್ಲ, ಅಲ್ಲಿ ಪುಸ್ತಕದಂಗಡಿಲೇ ಟೋಲಿನೋ ಅಂತ ಇಟ್ಟಿರ್ತಾರೆ, ಒಳಗಡೆ ಹಾರ್ಡ್‌ವೇರ್ ಕೋಬೋದ್ದೇ. ಮುಟ್ಟಿ, ಅಕ್ಷರ ದೊಡ್ಡ ಮಾಡಿ, ಕೈಯಲ್ಲಿ ಹಿಡಿದು ನೋಡಿ ತಗೋಬಹುದು. ಯುರೋಪಲ್ಲಿ ತಗಂಡ್ರೆ ಎರಡು ವರ್ಷ ಅಂಗಡಿಯವರದೇ ಜವಾಬ್ದಾರಿ, ಕಾನೂನೇ ಹಂಗಿದೆ. ಆದ್ರೆ ಊರಿಗೆ ತಂದ ಮೇಲೆ ಕೆಟ್ರೆ ಆ ಎರಡು ವರ್ಷ ತಗಂಡು ಎಂತ ಮಾಡ್ತೀರಿ, ಅದೂ ಇದೆ.

ಇನ್ನೊಂದು. ಮಗು ತೊಡೆ ಮೇಲೆ ಮಲಗಿದ್ರೆ ಓದೋಕೆ ಇರೋದು ಒಂದೇ ಕೈ. ಸಾದಾ ಕಿಂಡಲ್ 158 ಗ್ರಾಮು, ದೊಡ್ಡ ಪೇಪರ್‌ವೈಟ್ 211 ಗ್ರಾಮು. ಐವತ್ತು ಗ್ರಾಮ್ ಎಂತ ಮಹಾ ಅನ್ಸುತ್ತೆ, ಅರ್ಧ ಗಂಟೆ ಒಂದೇ ಕೈಲಿ ಹಿಡೀರಿ ಗೊತ್ತಾಗ್ತದೆ. ಮಗು ಎಚ್ಚರ ಆಗದಂಗೆ ಪುಟ ತಿರುಗಿಸೋದು ಬೇರೆ ಕಲೆ.

---

ತುಂಗೆದಡ (ತೀರ್ಥಹಳ್ಳಿ)

ಅಯ್ಯೋ ಇದೊಂದು ನನ್ನ ತಲೆಗೇ ಬಂದಿರ್ಲಿಲ್ಲ. ನಾನು ಎಲ್ಲಾ ಭಾಷೆನೂ ಬರುತ್ತೆ ಅಂತಲೇ ಅಂದ್ಕೊಂಡಿದ್ದೆ. ಅಮ್ಮನ ಹತ್ರ ಒಂದು ಪೆನ್‌ಡ್ರೈವ್ ತುಂಬ ಕನ್ನಡ ಪಿಡಿಎಫ್ ಇದಾವೆ, ಆರ್ಕೈವ್ ಡಾಟ್ ಆರ್ಗ್‌ನಿಂದ ಇಳಿಸಿದ ಹಳೇ ಪುಸ್ತಕ, ಲೈಬ್ರರಿ ಸೀಲು ಹೊಡೆದಿರೋವು, ಮತ್ತೆ ಅವರ ಸ್ಕೂಲ್ ಫ್ರೆಂಡ್ಸ್ ಟೈಪ್ ಮಾಡಿ ಕಳ್ಸಿರೋ ಲೇಖನ ಕಥೆ ಎಲ್ಲಾ ನುಡಿಲಿ (ಕನ್ನಡ ಟೈಪ್ ಮಾಡೋ ಸಾಫ್ಟ್‌ವೇರು). ಇವೆಲ್ಲ ಕಿಂಡಲಲ್ಲಿ ಓಪನ್ ಆಗ್ತವಾ?

---

ನುಡಿ_ಬರಹ_ಜಿರಾಕ್ಸ್ (ಸಾಗರ)

ಇದು ನನ್ನ ಏರಿಯಾ. ಇಪ್ಪತ್ತು ವರ್ಷದಿಂದ ಡಿಟಿಪಿ ಮಾಡ್ತಾ ಇದೀನಿ, ಲಗ್ನಪತ್ರಿಕೆಯಿಂದ ಹಿಡಿದು ಕವನ ಸಂಕಲನದ ತನಕ.

ನಿಮ್ಮ ಪೆನ್‌ಡ್ರೈವಲ್ಲಿ ಮೂರು ಜಾತಿ ಫೈಲು ಇರ್ತವೆ, ಒಂದೊಂದಕ್ಕೂ ಒಂದೊಂದು ಮದ್ದು.

ಸ್ಕ್ಯಾನ್ ಪಿಡಿಎಫ್ ಅಂದ್ರೆ ಅದು ಅಕ್ಷರ ಅಲ್ಲ, ಫೋಟೋ. ಯಾವ ರೀಡರಲ್ಲಾದ್ರೂ ತೆರೆಯುತ್ತೆ, ಕನ್ನಡ ಬರುತ್ತೋ ಇಲ್ವೋ ಅನ್ನೋ ಪ್ರಶ್ನೆನೇ ಇಲ್ಲ. ಆದ್ರೆ ಆರಿಂಚಿನ ಪರದೆಲಿ ಡೆಮಿ ಸೈಜಿನ (ಮಾಮೂಲಿ ಪುಸ್ತಕದ ಅಳತೆ) ಪುಟ ಕುಗ್ಗಿ ಇರುವೆ ಸಾಲಿನಂಗೆ ಕಾಣ್ತದೆ. ಅಕ್ಷರ ದೊಡ್ಡ ಮಾಡು ಅಂದ್ರೆ ಆಗಲ್ಲ, ಫೋಟೋನ ಹಿಗ್ಗಿಸಿ ಆ ಕಡೆ ಈ ಕಡೆ ಎಳೀಬೇಕು. ಒಂದೊಂದು ಪುಟನೂ ಭಾರ, ತಿರುಗೋದು ನಿಧಾನ, ಅದಕ್ಕೇ ಬ್ಯಾಟ್ರಿನೂ ಜಾಸ್ತಿ ತಿನ್ನುತ್ತೆ. ಮೇಲಿನವರು ಹೇಳಿದ 42 ಗಂಟೆ ಲೆಕ್ಕ ಇದಕ್ಕೆ ಹಿಡಿಯಲ್ಲ.

ಇದಕ್ಕೊಂದು ಉಪಾಯ ಇದೆ. ಕೆ2ಪಿಡಿಎಫ್‌ಆಪ್ಟ್ ಅಂತ ಒಂದು ಪುಕ್ಕಟೆ ಪ್ರೋಗ್ರಾಮು, ಕಂಪ್ಯೂಟರಲ್ಲಿ ನಡೆಸೋದು. ಅದು ಸ್ಕ್ಯಾನ್ ಪುಟದ ಸುತ್ತಲಿನ ಬಿಳಿ ಅಂಚು ಕತ್ತರಿಸಿ, ಸಾಲುಗಳನ್ನ ಪದ ಪದ ಚಿತ್ರವಾಗಿ ಬಿಡಿಸಿ, ಸಣ್ಣ ಪರದೆಗೆ ತಕ್ಕಂಗೆ ಮತ್ತೆ ಜೋಡಿಸ್ತದೆ. ಚಿತ್ರನೇ ಕತ್ತರಿಸೋದ್ರಿಂದ ಅದಕ್ಕೆ ಕನ್ನಡ ಓದೋಕೆ ಬರ್ಬೇಕು ಅಂತೇನಿಲ್ಲ. ಕೆಲವು ಕಡೆ ಸಾಲಿನ ಕೆಳಗೆ ಇಳಿದ ಒತ್ತಕ್ಷರ ಕತ್ತರಿಸಿಹೋಗ್ತದೆ, ಸ್ಕ್ಯಾನ್ ಓರೆ ಇದ್ರೆ ಇನ್ನೂ ಜಾಸ್ತಿ, ಹಾಗಾಗಿ ಸೆಟ್ಟಿಂಗ್ ಸ್ವಲ್ಪ ಆಡಿಸ್ಬೇಕು. ಒಂದು ಪುಸ್ತಕಕ್ಕೆ ಹತ್ತು ನಿಮಿಷದ ಕೆಲಸ. ನಾನು ನಮ್ಮಪ್ಪಂಗೆ ಇಪ್ಪತ್ತೆಂಟು ಪುಸ್ತಕ ಹಿಂಗೇ ಮಾಡಿ ಕೊಟ್ಟಿದೀನಿ.

ಎರಡನೇದು ನುಡಿ ಫೈಲು. ಹಳೇ ನುಡಿ, ಹಳೇ ಬರಹ (ಅದೂ ನುಡಿ ತರದ್ದೇ ಸಾಫ್ಟ್‌ವೇರು) ಯೂನಿಕೋಡ್ ಅಲ್ಲ, ಅಂದ್ರೆ ಎಲ್ಲಾ ಯಂತ್ರಕ್ಕೂ ಅರ್ಥ ಆಗೋ ಅಕ್ಷರ ಸಂಕೇತ ಅಲ್ಲ. ಅದ್ರೊಳಗೆ ಇರೋದು ಇಂಗ್ಲಿಷ್ ಅಕ್ಷರಗಳೇ, ಮೇಲೆ ಕನ್ನಡದ ವೇಷ ಹಾಕಿರ್ತದೆ ಅಷ್ಟೇ. ಆ ಫಾಂಟು ಇಲ್ಲದ ಕಡೆ ತೆಗೆದ್ರೆ ವೇಷ ಕಳಚಿ "ಎಟ್‌ಸೈನು, ಬ್ರಾಕೆಟ್ಟು, ಪೌಂಡು" ಎಲ್ಲಾ ಕಾಣ್ತದೆ, ಜನ ವೈರಸ್ ಬಂತು ಅಂತ ಓಡಿ ಬರ್ತಾರೆ ನಮ್ಮಂಗಡಿಗೆ. ಇದನ್ನ ಯೂನಿಕೋಡಿಗೆ ಬದಲಾಯಿಸೋ ಪರಿವರ್ತಕಗಳು ಆನ್‌ಲೈನಲ್ಲೇ ಸಿಗ್ತವೆ. ಬದಲಾಯಿಸಿ, ವರ್ಡಲ್ಲಿ ಹಾಕಿ, ಕ್ಯಾಲಿಬರ್ ಅನ್ನೋ ಪ್ರೋಗ್ರಾಮಲ್ಲಿ ಇಪಬ್ ಮಾಡ್ಕಳಿ. ಅಷ್ಟೂ ಗಲಾಟೆ ಬೇಡ ಅಂದ್ರೆ ಪುಟದ ಅಳತೆನೇ ಸಣ್ಣದು ಇಟ್ಟು, ಅಕ್ಷರ 20 ಪಾಯಿಂಟಿಗೆ ಏರಿಸಿ, ಪಿಡಿಎಫ್ ಮಾಡಿ. ಫಾಂಟು ಪಿಡಿಎಫ್‌ ಒಳಗೇ ಸೇರ್ಕೊಳ್ಳುತ್ತೆ, ಕಿಂಡಲ್ಲೋ ಕೋಬೋನೋ ಎಲ್ಲಿ ತೆಗೆದ್ರೂ ಒತ್ತು ಕದಲಲ್ಲ. ನಾನು ಇದನ್ನೇ ಮಾಡೋದು.

ಮೂರನೇದು ನಿಜವಾದ ಇಪಬ್. ಕನ್ನಡ ವಿಕಿಸೋರ್ಸಲ್ಲಿ ವಚನ, ಹಳೇ ಕಾವ್ಯ ಎಲ್ಲಾ ಇದೆ, ಅಲ್ಲೇ ಇಪಬ್ ಆಗಿ ಇಳಿಸ್ಕೋಬಹುದು. ನಮ್ಮಲ್ಲಿ ಬರೆದವರು ತೀರ್ಕೊಂಡು 60 ವರ್ಷ ಆದ ಮೇಲೆ ಪುಸ್ತಕದ ಹಕ್ಕು ಮುಗೀತದೆ, ಆ ಕಾಲದ್ದು ಧಾರಾಳವಾಗಿ ಸಿಗುತ್ತೆ.

ತಗೊಳ್ಳೋ ಮುಂಚೆ ಒಂದು ಪರೀಕ್ಷೆ ಮಾಡಿ. ಯಾರ ಹತ್ರನಾದ್ರೂ ಇರೋ ರೀಡರಿಗೆ ಒಂದು ಪುಟದ ಫೈಲು ಹಾಕಿ ನೋಡಿ. "ಸ್ವಾತಂತ್ರ್ಯ, ರಾಷ್ಟ್ರ, ಅರ್ಘ್ಯ, ಶೃಂಗೇರಿ" ಅಂತ ಬರೀರಿ. ಅಷ್ಟೆಲ್ಲ ಯಾಕೆ, ನಿಮ್ಮೂರ ಹೆಸರೇ ಸಾಕು, ತೀರ್ಥಹಳ್ಳಿಲಿ ದೀರ್ಘನೂ ಇದೆ, ಅರ್ಕಾವತ್ತೂ ಇದೆ, ಳಕ್ಕೆ ಒತ್ತೂ ಇದೆ. ಅದು ನೆಟ್ಟಗೆ ಕಂಡ್ರೆ ಮುಕ್ಕಾಲು ಪಾಲು ಗೆದ್ದಂಗೆ.

---

ಅಡಿಕೆಚೂರು (ಕೊಪ್ಪ)

ತೀರ್ಥಹಳ್ಳಿ ನೆಟ್ಟಗೆ ಕಾಣೋದು ಕಷ್ಟನೇ ಬಿಡಿ, ಘಾಟಿ ಇಳಿಯೋ ಊರು 😄

(ಟ್ಯಾಬ್ ಮಾತು ವಾಪಸ್ ತಗಂಡೆ.)

---

ಮಂಜಿನಹನಿ (ಶಿವಮೊಗ್ಗ)

ನಾನು ಕೆಲಸದ ಮೇಲೆ ವರ್ಷಕ್ಕೆ ನಾಕೈದು ಸಲ ಹೊರಗೆ ಹೋಗೋಳು, ಪ್ರಯಾಣದ ಭಾಗ ನಾನು ಹೇಳ್ತೀನಿ.

ಪವರ್ ಬ್ಯಾಂಕ್ ನಂಬ್ಕೊಂಡು ಕೂರ್ಬೇಡಿ. ಅದು ಚೆಕ್-ಇನ್ ಸೂಟ್‌ಕೇಸಲ್ಲಿ ಇಡೋ ಹಾಗೇ ಇಲ್ಲ, ಕೈಚೀಲದಲ್ಲೇ ಇರ್ಬೇಕು, 100 ವ್ಯಾಟ್-ಅವರ್ ಒಳಗಿರ್ಬೇಕು. 20,000 ಎಂಎಎಚ್‌ದು ಅಂದ್ರೆ 74 ವ್ಯಾಟ್-ಅವರ್, ಅಡ್ಡಿಲ್ಲ. ಆದ್ರೆ 2025ರ ಜನವರಿಲಿ ಕೊರಿಯಾದಲ್ಲಿ ನಿಂತಿದ್ದ ವಿಮಾನಕ್ಕೆ ಬೆಂಕಿ ಬಿತ್ತಲ್ಲ, ಆಮೇಲೆ ಎಲ್ಲಾ ಕಡೆ ಬಿಗಿ ಆಗಿದೆ. ಸಿಂಗಾಪುರ್ ಏರ್‌ಲೈನ್ಸ್ 2025ರ ಏಪ್ರಿಲ್ 1ರಿಂದ ವಿಮಾನದೊಳಗೆ ಪವರ್ ಬ್ಯಾಂಕ್ ಬಳಸೋದನ್ನೇ ನಿಲ್ಲಿಸ್ತು, ಎಮಿರೇಟ್ಸ್ ಅದೇ ವರ್ಷ ಅಕ್ಟೋಬರ್ 1ರಿಂದ. ಎಮಿರೇಟ್ಸಲ್ಲಿ ಒಂದೇ ಒಂದು ತಗಂಡು ಹೋಗ್ಬಹುದು, ಫೋನಿಗೆ ಚುಚ್ಚೋ ಹಾಗಿಲ್ಲ, ತಲೆ ಮೇಲಿನ ಲಗೇಜ್ ಜಾಗದಲ್ಲೂ ಇಡೋ ಹಾಗಿಲ್ಲ, ಸೀಟಿನ ಕೆಳಗೋ ಮುಂದಿನ ಜೇಬಲ್ಲೋ ಇಡ್ಬೇಕು. ಅದ್ರ ಮೇಲೆ ಎಷ್ಟು ಕೆಪ್ಯಾಸಿಟಿ ಅಂತ ಬರೆದಿರೋದು ಕಾಣ್ಬೇಕು. ನಮ್ಮನೇಲಿ ಇರೋದ್ರಲ್ಲಿ ಆ ಅಕ್ಷರ ಅಳಿಸಿಹೋಗಿ ವರ್ಷ ಆಯ್ತು, ಅಂಥದ್ದು ಕಳ್ಸಬೇಡಿ.

ನಿಮ್ಮಮ್ಮ ದುಬೈ ಮೇಲೆ ಹೋಗೋದು ಅಂದ್ರಿ. ಅಲ್ಲಿಯ ಸಾಕೆಟ್ಟು ಇಂಗ್ಲೆಂಡಿನ ಥರದ ಚಪ್ಪಟೆ ಮೂರು ಪಿನ್ನಿಂದು, ನಮ್ಮದು ನೇರ ಹೋಗಲ್ಲ. ಯುಎಸ್‌ಬಿ ಪಾಯಿಂಟ್ ಹುಡುಕ್ಬೇಕು, ಕೇಬಲ್ ಕೈಚೀಲದಲ್ಲಿ ಇರ್ಲಿ. ಜರ್ಮನಿಲಿ ತೊಂದ್ರೆ ಇಲ್ಲ, ನಮ್ಮ ಫೋನ್ ಚಾರ್ಜರಿನ ಎರಡು ಸಣ್ಣ ಗುಂಡು ಪಿನ್ನು ಅಲ್ಲಿ ಕೂರ್ತದೆ, ವೋಲ್ಟೇಜೂ 230 ಇದೇ. ಯುಎಸ್‌ಬಿ-ಸಿ ಇರೋ ರೀಡರ್ ತಗಳಿ, ಫೋನಿನ ಕೇಬಲ್ಲೇ ಆಗ್ತದೆ, ಎರಡೆರಡು ಒಯ್ಯೋದು ತಪ್ಪುತ್ತೆ. ಸೆಕೆಂಡ್‌ಹ್ಯಾಂಡ್ ಹಳೇ ಕಿಂಡಲ್ ಕೊಳ್ಳೋ ಯೋಚನೆ ಇದ್ರೆ ಇದೊಂದು ನೋಡ್ಕಳಿ, ಹಳೇವಕ್ಕೆಲ್ಲ ಆ ಅಗಲದ ಮೈಕ್ರೋ ಪಿನ್ನು.

ಇ-ರೀಡರಿನ ಪರದೆ ಒಳಗೆ ತೆಳು ಗಾಜು ಇರುತ್ತೆ. ನನ್ನದು ಒಂದು ಹೋಗಿದ್ದು ಬಿದ್ದು ಅಲ್ಲ, ಬ್ಯಾಗಲ್ಲಿ ಚಕ್ಲಿ ಡಬ್ಬಿ ಒತ್ತಿ. ಮೇಲೆ ಒಂದು ಗೀರೂ ಇಲ್ಲ, ಅರ್ಧ ಪರದೆ ಮಾತ್ರ ಸತ್ತುಹೋಗಿತ್ತು. ಗಟ್ಟಿ ಕವರ್ ಹಾಕ್ಸಿ, ಅಪ್ಪೆಮಿಡಿ ಬಾಟ್ಲಿಯಿಂದ ದೂರ ಇಡ್ಸಿ.

ಮತ್ತೆ ತುಪ್ಪದ ಡಬ್ಬಿ ಏನಾದ್ರೂ ಸೂಟ್‌ಕೇಸಲ್ಲಿ ಇದ್ರೆ ತೆಗೀರಿ. ಯುರೋಪಿಗೆ ಹೊರಗಿಂದ ಹಾಲಿನ ಪದಾರ್ಥ ಒಯ್ಯೋ ಹಾಗಿಲ್ಲ. ಅಲ್ಲಿಯ ಬೆಣ್ಣೆ ಕಾಸಿದ್ರೆ ಚೆನ್ನಾಗೇ ಬರ್ತದೆ.

ಕೊನೇದು, ನಿಮ್ಮ ಹಳೇ ಕಥೆಗೆ. ತಂಗಿ ನಂಬರು ಅಡ್ರೆಸ್ಸು ಒಂದು ಕಾಗದದಲ್ಲಿ ಬರೆದು ಪಾಸ್‌ಪೋರ್ಟಿನ ಒಳಗಿಡಿ. ಕಾಗದಕ್ಕೆ ಚಾರ್ಜ್ ಬೇಡ.

---

ತುಂಗೆದಡ (ತೀರ್ಥಹಳ್ಳಿ)

ಎಲ್ರಿಗೂ ತುಂಬ ಥ್ಯಾಂಕ್ಸ್. ಹತ್ತು ದಿನ ಆಯ್ತು, ಏನಾಯ್ತು ಅಂತ ಹೇಳ್ಬಿಡ್ತೀನಿ.

ಪಕ್ಕದ ಮನೆ ಹುಡುಗ ಬೆಂಗ್ಳೂರಿಂದ ಹಬ್ಬಕ್ಕೆ ಬಂದಿದ್ದ, ಅವನ ಹತ್ರ ಸಾದಾ ಕಿಂಡಲ್ಲೂ ಇತ್ತು, ಅವನ ಹೆಂಡತಿದು ದೊಡ್ಡ ಪೇಪರ್‌ವೈಟೂ ಇತ್ತು. ಜಗಲಿಲಿ ಕೂತು ಎರಡಕ್ಕೂ ಅಮ್ಮನ ಪಿಡಿಎಫ್ ಹಾಕಿದ್ವಿ. ಆರಿಂಚಿನದ್ರಲ್ಲಿ ಸ್ಕ್ಯಾನ್ ಪುಸ್ತಕ ತೆಗೆದ ಕೂಡ್ಲೇ ಅಮ್ಮ "ಇದು ಓದಕ್ಕಾ, ಎಣಿಸಕ್ಕಾ" ಅಂದ್ರು. ಏಳಿಂಚಿನದ್ರಲ್ಲಿ ಅಡ್ಡ ಮಾಡಿ ಹಿಡಿದಾಗ ಪರವಾಗಿಲ್ಲ ಅನ್ನಿಸ್ತು. ಜಿರಾಕ್ಸ್ ಅಣ್ಣ ಹೇಳಿದಂಗೆ ನುಡಿ ಫೈಲೊಂದನ್ನ 20 ಪಾಯಿಂಟಿಗೆ ಏರಿಸಿ ಸಣ್ಣ ಪುಟದ ಪಿಡಿಎಫ್ ಮಾಡಿ ಹಾಕಿದೆ ನೋಡಿ, ಅಮ್ಮ ಆಮೇಲೆ ಮಾತೇ ಆಡ್ಲಿಲ್ಲ. ಕಾಫಿ ತಣ್ಣಗಾಯ್ತು. ಅರ್ಧ ಗಂಟೆ ಬಿಟ್ಟು ತಲೆ ಎತ್ತಿ ಕೇಳಿದ್ದು "ಇದ್ರಲ್ಲಿ ಪುಟದ ಮೂಲೆ ಮಡಚೋದು ಹೆಂಗೆ" ಅಂತ.

ಬೂಕ್ಸ್ ಬಗ್ಗೆನೂ ಯೋಚನೆ ಮಾಡಿದೆ, ಮೈಲ್ಯಾಂಗ್ ಬರ್ತದಲ್ಲ ಅಂತ. ಆದ್ರೆ ಅಮ್ಮಂಗೆ ಆಪು, ಅಪ್ಡೇಟು, ಪಾಸ್‌ವರ್ಡು ಅಂದ್ರೆ ಆಗಲ್ಲ, ಮೂರು ನಾಕು ದಿನಕ್ಕೆ ಚಾರ್ಜ್ ಅಂದ್ರೆ ಅವರು ಮರೀತಾರೆ, ಫೋನೇ ಮರೀತಾರೆ. ಹೊಸ ಪುಸ್ತಕ ತಂಗಿ ಮೊಬೈಲಲ್ಲಿ ಆಪ್ ಹಾಕಿ ಕೊಡ್ಲಿ, ಮಗು ಎತ್ಕೊಂಡಾಗ ಆಡಿಯೋ ಪುಸ್ತಕ ಕೇಳ್ಲಿ ಅಂತ ತೀರ್ಮಾನ ಮಾಡಿದ್ವಿ. ಟೋಲಿನೋ ಅಲ್ಲಿ ಹೋದ ಮೇಲಿನ ಮಾತು, ನಂಗೆ ಬೇಕಿರೋದು ಬಸ್ಸು ಹತ್ತೋಕೆ ಮುಂಚೆನೇ ಕೈಲಿರ್ಬೇಕು.

ಹಾಗಾಗಿ 2024ರ ಪೇಪರ್‌ವೈಟೇ ಆರ್ಡರ್ ಮಾಡಿದೆ, ಹದಿನೇಳು ಸಾವಿರದ ಹತ್ರ ಬಿತ್ತು. ನೀರು ಬಿದ್ರೂ ತಡ್ಕೊಳ್ಳುತ್ತೆ ಅನ್ನೋದೂ ಒಂದು ಕಾರಣ, ನಮ್ಮ ಮಳೆಗಾಲಕ್ಕೆ ಕಪಾಟಲ್ಲಿರೋ ಪುಸ್ತಕಕ್ಕೆಲ್ಲ ಬೂಷ್ಟು ಹಿಡಿದು ಹೊಡತಲು (ಬೆಂಕಿ ಕಾಯಿಸೋ ಜಾಗ) ಹತ್ರ ಒಣಗಿಸೋ ಮನೆ ನಮ್ದು.

ಬಣ್ಣದ್ದು ಬೇಡ ಅಂತ ಪಕ್ಕದ ಮನೆಯವನೇ ಹೇಳಿದ, ಬಣ್ಣದ ಇ-ಇಂಕು ಸ್ವಲ್ಪ ಮಬ್ಬು ಕಾಣ್ತದೆ, ಲೈಟು ಜಾಸ್ತಿ ಇಡ್ಬೇಕಾಗ್ತದೆ, ಕಿಂಡಲಿನ ಬಣ್ಣದ ಮಾಡೆಲ್ಲಿಗೆ ಅವರೇ ಹೇಳೋದು 8 ವಾರ ಅಂತೆ. ಅಮ್ಮಂಗೆ ಬಣ್ಣದಲ್ಲಿ ನೋಡೋಕೆ ಮೊಮ್ಮಗು ಇರ್ತದೆ.

ಒಂದು ಸಣ್ಣ ಡೌಟು ಉಳ್ಕಂಡಿದೆ. ತಂಗಿ ಮನೇಲಿ ಬಾಲ್ಕನಿಲಿ ಕೂತು ಓದ್ತೀನಿ ಅಂತಾರೆ ಅಮ್ಮ. ಅಲ್ಲಿ ಚಳಿಗೆ ಇದಕ್ಕೇನಾದ್ರೂ ಆಗ್ತದಾ?

---

ಶರಾವತಿ_ಹಿನ್ನೀರು (ಹುಟ್ಟಿದ್ದು ಸಾಗರದ ಹತ್ರ, ಈಗ ನೆದರ್‌ಲ್ಯಾಂಡ್ಸ್)

ಕಿಂಡಲಿಗೆ 0 ಡಿಗ್ರಿಯಿಂದ 35ರ ತನಕ ಅಂತ ಹೇಳ್ತಾರೆ. ಸೊನ್ನೆ ಹತ್ರ ಬಂದ್ರೆ ಪುಡಿ ನಿಧಾನ ಆಗಿ ಹಿಂದಿನ ಪುಟದ ಅಕ್ಷರ ಮಸುಕಾಗಿ ಕಾಣ್ತಾ ಇರುತ್ತೆ, ಬ್ಯಾಟ್ರಿನೂ ಬೇಗ ಇಳಿಯುತ್ತೆ. ಒಳಗೆ ತಂದು ಬೆಚ್ಚಗಾದ್ರೆ ಮತ್ತೆ ಸರಿಹೋಗ್ತದೆ. ಡಿಸೆಂಬರಲ್ಲಿ ಮ್ಯೂನಿಕ್ ಬಾಲ್ಕನಿಲಿ ಕಿಂಡಲಿಗೆ ಏನಾಗ್ತದೆ ಅನ್ನೋದಕ್ಕಿಂತ ಅಮ್ಮಂಗೆ ಏನಾಗ್ತದೆ ಅಂತ ಕೇಳಿ ಅಣ್ಣ. ಹೀಟರ್ ಪಕ್ಕ ಕುರ್ಚಿ ಹಾಕ್ಸಿ. ಹೀಟರ್ ಮೇಲೆ ಕಿಂಡಲ್ ಇಡೋದು ಬೇಡ ಅಂತನೂ ಹೇಳಿ, ನಮ್ಮತ್ತೆ ಅದನ್ನೂ ಮಾಡಿದ್ರು.

---

ಕೊಡಚಾದ್ರಿ_ಬೈಕು (ಹೊಸನಗರ)

ಪುಟದ ಮೂಲೆ ಮಡಚೋಕೆ ಪರದೆಯ ಮೇಲಿನ ಬಲಮೂಲೆ ಮುಟ್ಟೋಕೆ ಹೇಳಿ, ಬುಕ್‌ಮಾರ್ಕ್ ಬೀಳ್ತದೆ.

ವಾಪಸ್ ಬಂದ ಮೇಲೆ ಬಳಸದೇ ತಿಂಗಳುಗಟ್ಲೆ ಇಡೋದಾದ್ರೆ ಪೂರ್ತಿ ಖಾಲಿ ಮಾಡಿ ಇಡ್ಬೇಡಿ, ಅರ್ಧ ಚಾರ್ಜಲ್ಲಿ ಇಡಿ. ಬಳಸದೇ ಇಡ್ತಾರೆ ಅನ್ನೋ ನಂಬಿಕೆ ನಂಗಂತೂ ಇಲ್ಲ.

---

ನುಡಿ_ಬರಹ_ಜಿರಾಕ್ಸ್ (ಸಾಗರ)

ಆ ಪೆನ್‌ಡ್ರೈವ್ ತಗಂಡು ಒಂದಿನ ಬನ್ನಿ ಅಂಗಡಿಗೆ, ಸ್ಕ್ಯಾನ್ ಪುಸ್ತಕ ಎಲ್ಲಾ ಏಳಿಂಚಿಗೆ ಕೂರೋ ಹಾಗೆ ಮಾಡಿ ಕೊಡ್ತೀನಿ, ದುಡ್ಡು ಬೇಡ, ಅದ್ರಲ್ಲಿ ಚೆನ್ನಾಗಿರೋದು ಇದ್ರೆ ನಮ್ಮಪ್ಪಂಗೂ ಒಂದು ಕಾಪಿ. ಮಧ್ಯಾಹ್ನ ಎರಡರಿಂದ ನಾಕು ಬಾಗ್ಲು ಹಾಕಿರುತ್ತೆ, ಆಗ ಬರ್ಬೇಡಿ.